ತೆಗೆದ ತಂತಿಯ ಉತ್ತರ

"ಗುರುಗಳೇ, ಧ್ಯಾನಕ್ಕೆ ಕುಳಿತು ಪ್ರಶ್ನೆ ಕೇಳಿದಾಗ ಒಳಗಿನಿಂದ ಉತ್ತರ ಬರುತ್ತದೆ. ಅದು ದೇವರ ಉತ್ತರವೇ ಎಂದು ತಿಳಿಯುವುದು ಹೇಗೆ?" ಎಂದು ಶಂಭುಲಿಂಗ ಕೇಳಿದ.

ಶಂಭುಲಿಂಗ ಮಠದ ದಾಸೋಹವನ್ನು ನೋಡಿಕೊಳ್ಳುವ ಶಿಷ್ಯ. ಹಿಂದಿನ ವಾರ ಅವನು ಅಡುಗೆಯ ನೀಲವ್ವನನ್ನು ಕೆಲಸದಿಂದ ಬಿಡಿಸಿದ್ದ. ಅವನು ಒಪ್ಪಿ ಇಳಿಸಿಕೊಂಡ ಜೋಳ ಮುಗ್ಗಿದೆ, ಇದನ್ನು ಮಕ್ಕಳಿಗೆ ಬಡಿಸಲಾರೆ ಎಂದು ಅವಳು ಭಕ್ತರ ಎದುರಿಗೇ ಹೇಳಿದ್ದಳು. ಅವಳನ್ನು ಮರಳಿ ಕರೆಸು ಎಂದು ಮಠದಲ್ಲಿ ಹಲವರು ಹೇಳಿದರು. ಅವನು ಧ್ಯಾನಕ್ಕೆ ಕುಳಿತು ಕೇಳಿದ. ನೀನು ಮಾಡಿದ್ದೇ ಸರಿ ಎಂದು ಉತ್ತರ ಬಂತು. ಮರುದಿನ ಮತ್ತೆ ಕೇಳಿದ. ಅದೇ ಉತ್ತರ ಬಂತು. ಇದನ್ನೆಲ್ಲ ಅವನು ಮುಚ್ಚಿಡದೆ ಹೇಳಿದ. ಗುರುಗಳೂ ಹೂಂ ಎಂದರೆ ನಾಳೆ ಬೇರೆ ಅಡುಗೆಯವರನ್ನು ಗೊತ್ತುಮಾಡುವುದೆಂದು ಕಾದು ಕುಳಿತ.

ಗುರುಗಳು ಕಾವಿ ಉಡುವ ಮೊದಲು ದೂರವಾಣಿ ಇಲಾಖೆಯಲ್ಲಿ ಕೆಲಸ ಮಾಡಿದವರು. ಅವರ ದೃಷ್ಟಾಂತಗಳಲ್ಲಿ ಹಾವು ಹಗ್ಗಗಳಿಗಿಂತ ಕಂಬ ತಂತಿಗಳೇ ಹೆಚ್ಚು. ಅವರು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. "ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಒಂದು ಅಣೆಕಟ್ಟಿನ ಹಿನ್ನೀರು. ಈ ದಡದಲ್ಲಿ ನಗರ, ಆ ದಡದಲ್ಲಿ ಹಳ್ಳಿ. ಹಳ್ಳಿಯ ದೋಣಿಕಟ್ಟೆಯ ಪಕ್ಕದಲ್ಲೇ ಒಂದು ಹೆರಿಗೆ ಆಸ್ಪತ್ರೆ. ಅಲ್ಲಿ ಇದ್ದವನು ಒಬ್ಬನೇ ವೈದ್ಯ, ಇನ್ನೂ ಚಿಕ್ಕ ವಯಸ್ಸು. ಕಷ್ಟದ ಹೆರಿಗೆಯಾದರೆ ಬಸುರಿಯನ್ನು ದೋಣಿಯಲ್ಲಿ ದಾಟಿಸಿ, ಅಲ್ಲಿಂದ ಗಾಡಿಯಲ್ಲಿ ಕುಲುಕಿಸಿಕೊಂಡು ನಗರದ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಿತ್ತು. ಕೆಲವರು ತಲುಪುತ್ತಿದ್ದರು. ಕೆಲವರು ತಲುಪುತ್ತಿರಲಿಲ್ಲ.

ಆಸ್ಪತ್ರೆಯವರು ಒಂದು ಉಪಾಯ ಕಂಡರು. ಹಳ್ಳಿಯಲ್ಲಿ ಬಸುರಿಯ ಹೊಟ್ಟೆಗೆ ಯಂತ್ರ ಕಟ್ಟಿದರೆ ಕೂಸಿನ ಎದೆಬಡಿತ ನಗರದ ಪರದೆಯ ಮೇಲೆ ಆಗಿಂದಾಗಲೇ ಕಾಣಬೇಕು. ಅಲ್ಲಿನ ಹೆರಿಗೆ ತಜ್ಞೆ ಅದನ್ನು ನೋಡುತ್ತ ಹಳ್ಳಿಯ ವೈದ್ಯನಿಗೆ ದಾರಿ ಹೇಳಬೇಕು. ಅದಕ್ಕೆ ಎರಡು ಆಸ್ಪತ್ರೆಗಳ ನಡುವೆ ಈಥರ್ನೆಟ್ ಸೇವೆ ಬೇಕಾಯಿತು. ಕಾವಿ ಉಟ್ಟವನ ಬಾಯಲ್ಲಿ ಈಥರ್ನೆಟ್ ಎಂಬ ಮಾತು ಬಂತೆಂದು ಕಣ್ಣು ಬಿಡಬೇಡ, ಶಂಭುಲಿಂಗ. ಅದು ಬ್ರಹ್ಮವಿದ್ಯೆಯಲ್ಲ. ಸುದ್ದಿಯನ್ನು ಸಣ್ಣ ಸಣ್ಣ ಕಟ್ಟು ಮಾಡಿ, ಒಂದೊಂದು ಕಟ್ಟಿನ ಮೇಲೂ ವಿಳಾಸ ಹಾಕಿ ತಂತಿಯಲ್ಲಿ ಕಳಿಸುವ ಕ್ರಮ, ಅಷ್ಟೇ.

ಒಬ್ಬ ಗುತ್ತಿಗೆದಾರ ಆ ಕೆಲಸ ಹಿಡಿದ. ಒಳ್ಳೆಯ ಕೆಲಸಗಾರ, ಸ್ವಲ್ಪ ಬಡಾಯಿ. ಹಿನ್ನೀರಿನ ಅಂಚಿನಲ್ಲೇ ಸುತ್ತುಹಾಕಿ ಕೇಬಲ್ ಎಳೆಸಿದ. ಅದು ಹಳ್ಳಿಯ ದೋಣಿಕಟ್ಟೆ ಮುಟ್ಟಿದಲ್ಲಿ ಒಂದು ಪೆಟ್ಟಿಗೆ ಇಟ್ಟ. ಅಲ್ಲಿಂದ ಒಂದು ಗಿಡ್ಡ ತಂತಿ ಎಳೆದು ಆಸ್ಪತ್ರೆಯೊಳಗಿನ ಇನ್ನೊಂದು ಪೆಟ್ಟಿಗೆಗೆ ಸೇರಿಸಿದ. ಕೆಲಸ ಮುಗಿಯಿತು, ಬಂದು ನೋಡಿ ಎಂದು ನಗರದ ಆಸ್ಪತ್ರೆಗೆ ಹೇಳಿಕಳಿಸಿದ.

ಆಸ್ಪತ್ರೆಯವರು ಒಬ್ಬ ಪರೀಕ್ಷಕಿಯನ್ನು ಕರೆಸಿದರು. ಅವಳು ಸರಿ ಎಂದರೆ ಸೇವೆ ಸರಿ, ಇಲ್ಲವೆಂದರೆ ಇಲ್ಲ.

ಅವಳು ನಗರದ ಆಸ್ಪತ್ರೆಯಲ್ಲಿ ಕೂತು ಯಂತ್ರ ಜೋಡಿಸುತ್ತಿರುವಾಗಲೇ ಹಳ್ಳಿಯ ವೈದ್ಯನ ಫೋನ್ ಬಂತು. ಚೊಚ್ಚಲ ಬಸುರಿಯೊಬ್ಬಳು ಬಂದಿದ್ದಳು. ರಕ್ತದೊತ್ತಡ ಏರಿತ್ತು. ನೋವು ಇನ್ನೂ ಶುರುವಾಗಿರಲಿಲ್ಲ, ನಾಳೆ ಆಗಬಹುದಿತ್ತು. "ದೋಣಿ ಕಟ್ಟೀಗೆ ಬಂದು ನಿಂತೈತ್ರಿ. ಹೊತ್ತು ಮುಳುಗೂದ್ರಾಗ ಕಳಸಬೇಕು. ನಿಮ್ಮ ಲೈನ್ ಖರೇನ ಸರಿ ಐತಿ ಅಂದ್ರ ಇಲ್ಲೇ ಇಟ್ಟುಕೋತೀನಿ. ಏನ್ ಮಾಡ್ಲಿ, ಹೇಳ್ರಿ" ಎಂದ.

ಕಳಿಸಿದರೆ ದಾರಿಯ ಕುಲುಕಾಟದ ಅಪಾಯ. ಇಟ್ಟುಕೊಂಡರೆ, ಲೈನ್ ಕೈಕೊಟ್ಟರೆ, ಅದಕ್ಕಿಂತ ದೊಡ್ಡ ಅಪಾಯ. ಎರಡು ಜೀವ ಆ ಒಂದು ಮಾತಿಗೆ ಕಾದಿದ್ದವು.

ಇಂಥ ಸೇವೆಯನ್ನು ಪರೀಕ್ಷಿಸುವ ಕ್ರಮ ಹೀಗಿದೆ. ಆ ತುದಿಯ ಪೆಟ್ಟಿಗೆಗೆ, ಬಂದದ್ದನ್ನೆಲ್ಲ ಬಂದ ಹಾಗೆಯೇ ಹಿಂದಕ್ಕೆ ಕಳಿಸು ಎಂದು ಹೇಳಿಡುತ್ತಾರೆ. ಕೆಲಸದವರು ಇದಕ್ಕೆ ಲೂಪ್ ಹಾಕುವುದು ಎನ್ನುತ್ತಾರೆ. ಈ ತುದಿಯಿಂದ ಲಕ್ಷಗಟ್ಟಲೆ ಕಟ್ಟು ಕಳಿಸುತ್ತಾರೆ. ಎಷ್ಟು ಮರಳಿದವು, ಎಷ್ಟು ದಾರಿಯಲ್ಲಿ ಕಳೆದವು ಎಂದು ಯಂತ್ರ ಲೆಕ್ಕ ಇಡುತ್ತದೆ.

ಪರೀಕ್ಷಕಿಯ ಪಕ್ಕದಲ್ಲೇ ಕೂತಿದ್ದ ಗುತ್ತಿಗೆದಾರ ಹಳ್ಳಿಯ ಆಸ್ಪತ್ರೆಯ ಪೆಟ್ಟಿಗೆಗೆ ಲೂಪ್ ಹಾಕಿಸಿದ. ಪರೀಕ್ಷಕಿ ಕಟ್ಟುಗಳನ್ನು ಕಳಿಸಿದಳು. ಮೊದಲು ಸ್ವಲ್ಪ, ಆಮೇಲೆ ಹೆಚ್ಚು, ಆಮೇಲೆ ತಂತಿ ಹೊರುವಷ್ಟೂ. ಎಲ್ಲ ಮರಳಿ ಬಂದವು. ಒಂದೇ ಒಂದು ಕಟ್ಟು ಕಳೆಯಲಿಲ್ಲ. ಪರದೆಯ ತುಂಬ ಹಸಿರು.

ಗುತ್ತಿಗೆದಾರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೀಸೆಯ ಮೇಲೆ ಕೈ ಹೋಯಿತು. ವೈದ್ಯನಿಗೆ ಹೇಳಿಬಿಡೋಣ ಎಂದು ಫೋನ್ ಎತ್ತಿಕೊಂಡ.

ಪರೀಕ್ಷಕಿ ತಡೆದಳು. "ಡಾಕ್ಟರಿಗೆ ಒಂದು ಮಾತು ಹೇಳ್ರಿ. ಹೊರಗಿಂದ ಅವರ ಪೆಟ್ಟಿಗಿಗೆ ಬರೂ ತಂತಿ ಕಿತ್ತು ಕೈಯಾಗ ಹಿಡಕೋಳ್ಳಿ" ಎಂದಳು.

"ಏನ್ರೀ ಮೇಡಂ, ಎಲ್ಲಾ ಸರಿ ಇದ್ದದ್ದನ್ನ ಕೆಡಸಂತೀರಲ್ಲ?"

"ಕೆಟ್ಟಾಗ ಕೆಟ್ಟೈತಿ ಅಂತ ಹೇಳದ ಪರೀಕ್ಷಾ, ಸರಿ ಇದ್ದಾಗ ಸರಿ ಐತಿ ಅಂದ್ರ ನಾ ಹೆಂಗ ನಂಬಲಿ?"

ನೋಡು ಶಂಭುಲಿಂಗ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ನಾವು ಅದನ್ನು ಬೇರೆಯವರ ಮಾತಿಗೆ ಮಾತ್ರ ಅನ್ವಯಿಸುತ್ತೇವೆ. ಅವಳು ತನ್ನ ಯಂತ್ರಕ್ಕೇ ಅನ್ವಯಿಸಿದಳು. ನನಗೆ ಆ ಹೆಣ್ಣುಮಗಳ ಮೇಲೆ ಗೌರವ ಅದಕ್ಕೇ.

ವೈದ್ಯ ತಂತಿ ಕಿತ್ತು ಕೈಯಲ್ಲಿ ಹಿಡಿದ. ಪರೀಕ್ಷಕಿ ಮತ್ತೆ ಕಟ್ಟುಗಳನ್ನು ಕಳಿಸಿದಳು. ಎಲ್ಲ ಮರಳಿ ಬಂದವು. ಒಂದೂ ಕಳೆಯಲಿಲ್ಲ. ಪರದೆಯ ತುಂಬ ಹಸಿರು.

ವೈದ್ಯ ಬೇರೆ ಯಾವುದೋ ತಂತಿ ಕಿತ್ತಿರಬೇಕು ಎಂದು ಗುತ್ತಿಗೆದಾರ ಅಂದುಕೊಂಡು ಫೋನಿನಲ್ಲಿ ಕೇಳಿದ. ಆ ಕಡೆಯಿಂದ ಬೈಗುಳ ಬಂತು. ನಿಮ್ಮ ಹೆಸರಿನ ಚೀಟಿ ಅಂಟಿಸಿದ ತಂತಿ ನನ್ನ ಮುಷ್ಟಿಯಲ್ಲೇ ಇದೆ, ಇನ್ನೂ ಎಷ್ಟು ಹೊತ್ತು ಹಿಡಿಯಲಿ ಎಂದು ವೈದ್ಯ ಕೇಳಿದ. ಗುತ್ತಿಗೆದಾರನ ಮುಖ ಹುಳ್ಳಗಾಯಿತು.

ಆದದ್ದು ಇಷ್ಟೇ. ದೋಣಿಕಟ್ಟೆಯವರೆಗೆ ಕೇಬಲ್ ಎಳೆದ ದಿನ ಅವನ ಆಳುಗಳು ಅಷ್ಟನ್ನೇ ಪರೀಕ್ಷಿಸಿ ನೋಡಲು ಕಟ್ಟೆಯ ಪೆಟ್ಟಿಗೆಗೆ ಲೂಪ್ ಹಾಕಿದ್ದರು. ಆಮೇಲೆ ಅದನ್ನು ತೆಗೆಯಲು ಮರೆತರು. ನಗರದಿಂದ ಹೋದ ಕಟ್ಟುಗಳೆಲ್ಲ ಕಟ್ಟೆಯವರೆಗೆ ಹೋಗಿ, ಆಸ್ಪತ್ರೆಯ ಬಾಗಿಲು ತಟ್ಟದೆ, ಅಲ್ಲಿಂದಲೇ ತಿರುಗಿ ಬರುತ್ತಿದ್ದವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ಹಸಿರು ದೀಪಕ್ಕೂ ಅದೇ ಮಾತು. ಗುತ್ತಿಗೆದಾರ ಸುಳ್ಳು ಹೇಳಿರಲಿಲ್ಲ. ಅವನು ತನ್ನದೇ ದನಿಯನ್ನು ಕೇಳಿ ಆ ದಡದವರು ಮಾತಾಡಿದರು ಎಂದು ಹಿಗ್ಗಿದ್ದ. ಪಾಪ, ಅವನೊಬ್ಬನೇ ಏನು?

ಕೂತಲ್ಲಿಂದಲೇ ಅವನು ಕೇಬಲ್ಲಿನ ಮೂಲಕ ಆಜ್ಞೆ ಕಳಿಸಿ ಕಟ್ಟೆಯ ಪೆಟ್ಟಿಗೆಯ ಲೂಪ್ ತೆಗೆದ. ವೈದ್ಯ ತಂತಿಯನ್ನು ಮತ್ತೆ ಸಿಕ್ಕಿಸಿದ. ಪರೀಕ್ಷೆ ಮೊದಲಿನಿಂದ ನಡೆಯಿತು.

ಸ್ವಲ್ಪ ಕಳಿಸಿದಾಗ ಎಲ್ಲ ಮರಳಿದವು. ಭಾರ ಏರಿಸಿದೊಡನೆ ಕಟ್ಟುಗಳು ಕಳೆಯತೊಡಗಿದವು. ನಿಜವಾದ ಲೈನು ಆಗ ಮೊದಲ ಸಲ ಬಾಯಿ ಬಿಟ್ಟಿತ್ತು, ಬಾಯಿ ಬಿಟ್ಟ ಕೂಡಲೇ ತನ್ನ ರೋಗ ಹೇಳಿತು. ಗುತ್ತಿಗೆದಾರ ತಲೆಯ ಮೇಲೆ ಕೈ ಹೊತ್ತ. ಪರೀಕ್ಷಕಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಅವಳ ಮುಖದಲ್ಲಿ ಬೇಸರ ಇರಲಿಲ್ಲ. ಸುಳ್ಳು ಒಳ್ಳೆಯ ಸುದ್ದಿ ಹೋಗಿ ನಿಜವಾದ ಕೆಟ್ಟ ಸುದ್ದಿ ಬಂದಿತ್ತು. ಕೆಲಸ ಬಲ್ಲವರಿಗೆ ಅದು ಹಬ್ಬ.

ದೋಣಿಯವನು ಹೊತ್ತಾಯಿತು ಎಂದು ಕೂಗುವುದು ವೈದ್ಯನ ಫೋನಿನಲ್ಲಿ ಕೇಳುತ್ತಿತ್ತು. ಸ್ವಲ್ಪ ತಡೆಯಲು ಹೇಳಿ ಎಂದು ಪರೀಕ್ಷಕಿ ಹೇಳಿದಳು. ಅವಳು ಎರಡೂ ಪೆಟ್ಟಿಗೆಗಳ ನಡತೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಕಟ್ಟೆಯ ಪೆಟ್ಟಿಗೆ ಮಾತಾಡುವುದನ್ನೂ ಕೇಳುವುದನ್ನೂ ಒಟ್ಟಿಗೆ ಮಾಡುತ್ತಿತ್ತು. ಆಸ್ಪತ್ರೆಯ ಪೆಟ್ಟಿಗೆ ಒಂದು ಹೊತ್ತಿಗೆ ಒಂದನ್ನೇ ಮಾಡುತ್ತಿತ್ತು. ಒಂದು ಆಡುತ್ತಿರುವಾಗ ಇನ್ನೊಂದೂ ಬಾಯಿ ಹಾಕುತ್ತಿತ್ತು. ಅತ್ತೆ ಸೊಸೆ ನಾಲ್ಕು ಮಾತಾಡುವಾಗ ಇದು ಯಾರಿಗೂ ಗೊತ್ತಾಗುವುದಿಲ್ಲ. ಮಾತು ಏರಿದಾಗಲೇ ಅರ್ಧಕ್ಕರ್ಧ ಗಾಳಿಗೆ ಹೋಗುವುದು. ಅವಳು ಎರಡಕ್ಕೂ ಒಂದೇ ನಡತೆ ಕಲಿಸಿದಳು.

ಮತ್ತೆ ಪರೀಕ್ಷೆ. ಸ್ವಲ್ಪ, ಹೆಚ್ಚು, ಪೂರ್ತಿ ಭಾರ. ಒಂದು ಕಟ್ಟೂ ಕಳೆಯಲಿಲ್ಲ. ಪರದೆಯ ತುಂಬ ಹಸಿರು.

ಈ ಸಲ ಗುತ್ತಿಗೆದಾರ ಹಿಗ್ಗಲಿಲ್ಲ. ಮೀಸೆಗೆ ಕೈ ಹೋಗಲಿಲ್ಲ. ಅವನೇ ಫೋನ್ ತೆಗೆದುಕೊಂಡು, "ಡಾಕ್ಟ್ರ, ಕೈ ಮುಗೀತೀನಿ, ಇನ್ನೊಮ್ಮೆ ತಂತಿ ಕೀಳ್ರಿ" ಎಂದ.

ವೈದ್ಯ ಕಿತ್ತ.

ಪರದೆ ಕೆಂಪಾಯಿತು. ಒಂದು ಕಟ್ಟೂ ಮರಳಲಿಲ್ಲ. ಯಂತ್ರ ಒಂದೇ ಸಮನೆ ಅರಚತೊಡಗಿತು.

ಗುತ್ತಿಗೆದಾರ ಕುರ್ಚಿ ಬೀಳಿಸಿಕೊಂಡು ಎದ್ದ. "ಬಿತ್ತು! ಲೈನ್ ಬಿತ್ತು!" ಎಂದು ಚಪ್ಪಾಳೆ ತಟ್ಟಿ ಕೂಗಿದ. ಏನೋ ಅನಾಹುತವಾಯಿತೆಂದು ಹೊರಗಿದ್ದ ನರ್ಸುಗಳು ಓಡಿಬಂದರು. ನೋಡಿದರೆ ಕೆಂಪು ಪರದೆಯ ಮುಂದೆ ಒಬ್ಬ ಗಂಡಸು ಕುಣಿಯುತ್ತಿದ್ದ, ಒಬ್ಬ ಹೆಂಗಸು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ನಾನು ಎಷ್ಟೋ ಗೆಲುವು ಕಂಡಿದ್ದೇನೆ, ಎಷ್ಟೋ ಜಯಘೋಷ ಕೇಳಿದ್ದೇನೆ. ತನ್ನ ಕೆಲಸ ಬಿದ್ದದ್ದನ್ನು ಕಂಡು ಮನುಷ್ಯನೊಬ್ಬ ಹಾಗೆ ಕುಣಿದದ್ದು ಅದೊಂದೇ.

ವೈದ್ಯ ತಂತಿಯನ್ನು ಸಿಕ್ಕಿಸಿದ. ಪರದೆ ಮತ್ತೆ ಹಸಿರಾಯಿತು. ಆಸ್ಪತ್ರೆಯ ಪೆಟ್ಟಿಗೆಯ ಲೂಪನ್ನೂ ತೆಗೆದು, ಬಸುರಿಯ ಹೊಟ್ಟೆಗೆ ಯಂತ್ರ ಕಟ್ಟಿದರು. ಕೂಸಿನ ಎದೆಬಡಿತ ಹಿನ್ನೀರು ದಾಟಿ ಬಂದು ನಗರದ ಪರದೆಯ ಮೇಲೆ ಓಡತೊಡಗಿತು. ತಜ್ಞೆ ಬಂದು ನಿಂತು ನೋಡಿದಳು. "ಇಟ್ಟುಕೋರಿ. ನಾ ಇಲ್ಲೇ ಇರ್ತೀನಿ" ಎಂದು ಗುತ್ತಿಗೆದಾರನ ಕೈಯಿಂದ ಫೋನ್ ತೆಗೆದುಕೊಂಡು ವೈದ್ಯನಿಗೆ ಹೇಳಿದಳು. ದೋಣಿ ಖಾಲಿ ಹೋಯಿತು.

ಮರುದಿನ ಮಧ್ಯಾಹ್ನ ನೋವು ಜೋರಾದಾಗ ಎದೆಬಡಿತ ಇದ್ದಕ್ಕಿದ್ದಂತೆ ಇಳಿಯಿತು. ಹಳ್ಳಿಯ ಕೋಣೆಯಲ್ಲಿ ವೈದ್ಯ ಬೆವರುತ್ತಿದ್ದ. ನಗರದಲ್ಲಿ ತಜ್ಞೆ ಅದನ್ನು ಅದೇ ಕ್ಷಣದಲ್ಲಿ ಕಂಡಳು. ಕಾಯಬೇಡ, ಈಗಲೇ ಕೂಸನ್ನು ತೆಗೆ ಎಂದಳು. ಹೇಗೆಂದು ಹೆಜ್ಜೆ ಹೆಜ್ಜೆಗೂ ಹೇಳುತ್ತ ಹೋದಳು. ಅವನು ತೆಗೆದ.

ಆಮೇಲೆ ಆ ತಂತಿಯಲ್ಲಿ ಒಂದು ಅಳು ಬಂತು. ಗಂಟಲು ಹರಿಯುವಂಥ ಅಳು. ನಗರದ ಆಸ್ಪತ್ರೆಯ ಕೋಣೆಯಲ್ಲಿ ಎಲ್ಲರೂ ಅದನ್ನು ಕೇಳಿದರು. ತಾಯಿಯೂ ಉಳಿದಳು, ಮಗಳೂ ಉಳಿದಳು. ಗುತ್ತಿಗೆದಾರ ಸಿಕ್ಕಸಿಕ್ಕವರಿಗೆಲ್ಲ ಪೇಡೆ ಹಂಚಿದ. ಪರೀಕ್ಷಕಿಗೆ ಎರಡು ಕೊಟ್ಟ. ಅಂದಿನಿಂದ ಅವನು ಯಾವ ಊರಿನಲ್ಲಿ ಲೈನ್ ಎಳೆದರೂ ಹಸಿರು ಕಂಡ ಮೇಲೆ ಮಾಡುವ ಮೊದಲ ಕೆಲಸ ಆ ತುದಿಯ ತಂತಿ ಕೀಳಿಸುವುದು.

ಗುರುಗಳು ಕತೆ ಮುಗಿಸಿ ನೀರು ಕುಡಿದರು. ಶಂಭುಲಿಂಗನ ಮುಖ ಅರಳಿತ್ತು. ಕೂಸು ಉಳಿದದ್ದು ಅವನಿಗೆ ತುಂಬ ಹಿಡಿಸಿತ್ತು.

"ಹಾಗಾದರೆ ಗುರುಗಳೇ, ಕೇಳಿದಾಗಲೆಲ್ಲ ನನಗೆ ಬರುವ ಉತ್ತರವೂ ಆ ತುದಿಯಿಂದಲೇ ಬಂದಿರಬಹುದಲ್ಲವೇ?" ಎಂದು ಕೇಳಿದ.

"ಬಂದಿರಬಹುದು" ಎಂದರು ಗುರುಗಳು. "ಆ ದನಿ ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ನಿನಗೆ ನೀನು ತಪ್ಪಿದೆ ಎಂದು ಹೇಳಿದ್ದುಂಟೇ?"

ಶಂಭುಲಿಂಗ ಎದ್ದು ಉಗ್ರಾಣಕ್ಕೆ ಹೋದ. ತಾನು ಇಳಿಸಿಕೊಂಡ ಜೋಳದ ಚೀಲ ಬಿಚ್ಚಿ, ಒಂದು ಹಿಡಿ ಮೂಗಿಗೆ ಹಿಡಿದ.