ಭಾಂಡೆ ಬಜಾರದ ಕೆಳಗಿನ ಹೊಳೆ

ಶ್ರೀ ಅಡಿವೆಪ್ಪಜ್ಜನವರ ಮಠವೆಂದರೆ ಕಲ್ಲೂರುಪೇಟೆಯಲ್ಲಿ ಪಾತ್ರೆ ಮಾರುವ ಭಾಂಡೆ ಬಜಾರದಲ್ಲಿ, ತಾಮ್ರದ ಅಂಗಡಿಯೊಂದರ ಹಿಂಗೋಡೆಗೆ ಇಳಿಬಿಟ್ಟ ನಾಲ್ಕು ತಗಡು. ಒಂದು ಕಂಬಳಿ, ಒಂದು ತಂಬಿಗೆ, ಹೊಸೆಯಲು ಒಂದು ರಾಶಿ ಪುಂಡಿನಾರು. ಪೂಜ್ಯರ ಸಂಪತ್ತು ಇಷ್ಟೇ. ಆದರೆ ಅವರು ಹೊಸೆದ ಹಗ್ಗವೇನು ಸಾಮಾನ್ಯವೇ? ಅದರಲ್ಲಿ ಕಟ್ಟಿದ ತುಡುಗು ಎತ್ತನ್ನು ಬಿಚ್ಚಿಬಿಟ್ಟರೂ ಅದು ನಾಚಿಕೊಂಡು ಅಲ್ಲೇ ನಿಂತಿರುತ್ತಿತ್ತು.

ಅವರದೊಂದು ನಡೆ ಮಾತ್ರ ಪೇಟೆಗೆಲ್ಲ ನಗೆಯಾಗಿತ್ತು. ದಿನಾ ಬೆಳಿಗ್ಗೆ ಭಿಕ್ಷೆಗೆ ಹೊರಟವರು ಬಜಾರದ ರಸ್ತೆಯ ಅಂಚಿಗೆ ಬಂದೊಡನೆ ಚಪ್ಪಲಿ ಕಳಚಿ ಕೈಗೆತ್ತಿಕೊಳ್ಳುವರು, ಧೋತರವನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟುವರು, ಕಾಲಿನಿಂದ ತಡವುತ್ತ ತಡವುತ್ತ ಆಚೆ ದಡ ಸೇರುವರು. ರಸ್ತೆ ಒಣಗಿ ಧೂಳೆದ್ದಿದ್ದರೂ ಹೀಗೆಯೇ.

ಏಕೆಂದರೆ ಆ ರಸ್ತೆಯ ಕೆಳಗೆ ಕೆಂಚವ್ವನ ಹೊಳೆಯಿತ್ತು. ಎಂಥ ಹೊಳೆ ಎನ್ನುತ್ತೀರಿ. ದೊಡ್ಡ ದೊಡ್ಡ ನದಿಗಳೇ ಹರಿಯುವುದು ಹೇಗೆಂದು ಇವಳ ಹತ್ತಿರ ಬಂದು ಕಲಿತು ಹೋಗುತ್ತಿದ್ದವು. ಇವಳ ಮೀನು ಬಲೆಗೆ ಬಿದ್ದರೆ ಬೆಸ್ತರು ಅದನ್ನು ಎಳೆಯುವ ಮಾತಿಲ್ಲ, ಅದೇ ಬೆಸ್ತರನ್ನು ಮೂರು ಊರು ತಿರುಗಿಸಿ ಮನೆಗೆ ಬಿಡುತ್ತಿತ್ತು. ಇಂಥವಳನ್ನು ಪೇಟೆ ಬೆಳೆಯಲೆಂದು ಚಪ್ಪಡಿ ಹೊದಿಸಿ ಮುಚ್ಚಿದರು. ನಿಂತು ಮುಚ್ಚಿಸಿದವನು ಓವರಸಿಯರ್ ತಿಪ್ಪಣ್ಣ ಬಾರಿಕೇರ. ಅದೇ ಹೊಳೆಯಲ್ಲಿ ನಲವತ್ತು ವರ್ಷ ದೋಣಿ ನಡೆಸಿದ ಅಂಬಿಗ ಜಟ್ಟೆಪ್ಪನ ಒಬ್ಬನೇ ಮಗ.

ಹೊಳೆ ಮುಚ್ಚಿದ ಮೂರನೆಯ ವರ್ಷ ಜಟ್ಟೆಪ್ಪ ತೀರಿಕೊಂಡ. ಅಂಬಿಗ ಸತ್ತರೆ ಅವನ ದೋಣಿಯ ಹುಟ್ಟನ್ನು ಮಗನಾದವನು ಅವನ ಹೊಳೆಗೇ ಬಿಡಬೇಕು, ಬಿಡುವತನಕ ಜೀವ ಈ ದಡದಲ್ಲೇ ಕುಳಿತಿರುತ್ತದೆ ಎಂಬುದು ಆ ಕೇರಿಯವರ ನಂಬಿಕೆ. ಬಿಡಲು ಹೊಳೆಯೆಲ್ಲಿ? ಹುಟ್ಟು ಮೂವತ್ತೊಂದು ವರ್ಷ ಬಾಗಿಲ ಹಿಂದೆ ನಿಂತಿತು. ತಾಯಿ ದುರುಗವ್ವ ಅಮಾವಾಸ್ಯೆಗೊಮ್ಮೆ ಅದಕ್ಕೆ ಎಣ್ಣೆ ಸವರುತ್ತಿದ್ದಳು. ಈಗ ಹಾಸಿಗೆ ಹಿಡಿದವಳು ಕಣ್ಣು ತೆರೆದಾಗಲೆಲ್ಲ ಅದನ್ನೇ ಕೇಳುತ್ತಿದ್ದಳು.

"ಹುಟ್ಟು ಬಿಟ್ಟಿಯೇನೋ ತಿಪ್ಪಾ? ಅವರು ದಡದಾಗ ಕುಂತಾರ. ನಾ ಒಬ್ಬಾಕಿ ಹೆಂಗ ದಾಟಲಿ?"

ನಿವೃತ್ತನಾಗಿ ವರ್ಷಗಳಾಗಿದ್ದರೂ ತಿಪ್ಪಣ್ಣನ ಗತ್ತು ಇಳಿದಿರಲಿಲ್ಲ. ಒಂದು ಸೋಮವಾರ, ಬಜಾರಕ್ಕೆ ರಜೆಯ ದಿನ, ಪೂಜ್ಯರ ತಗಡಿನ ಮುಂದೆ ಬಂದು ನಿಂತ.

"ಅಜ್ಜಾರ, ಒಣ ಡಾಂಬರದಾಗ ಧೋತರ ಎತ್ತಿ ಹೊಳಿ ದಾಟತೀರಂತ. ಇವತ್ತು ನೀರು ಭಾಳ ಇತ್ತೇನ್ರಿ?"

ಪೂಜ್ಯರು ನಾರು ಹೊಸೆಯುತ್ತಲೇ ಇದ್ದರು. ತಿಪ್ಪಣ್ಣನ ನಗೆ ತಾನಾಗಿ ಬತ್ತಿತು. ಬಂದ ಕೆಲಸ ಹೇಳಿದ.

"ನಿಮ್ಮ ಮಾತು ಅಂದ್ರ ನಮ್ಮವ್ವ ನಂಬತಾಳ. ಒಮ್ಮೆ ಮನಿಗೆ ಬಂದು, ಯಾವ ನೀರಿಗೆ ಬಿಟ್ಟರೂ ನಡೀತೈತಿ ಅಂದುಬಿಡ್ರಿ. ಡ್ಯಾಮಿಗೆ ಒಯ್ದು ಬಿಡತೀನಿ. ಕೆಂಚವ್ವ ಈಗ ಹೊಳಿ ಅಲ್ಲರೀ, ಗಟಾರ. ಇಡೀ ಊರಿನ ಹೊಲಸು."

"ನಿಮ್ಮವ್ವ ಹಾಸಿಗಿ ಹಿಡಿದು ಎಷ್ಟು ದಿನ ಆತು?"

"ಏಳು ತಿಂಗಳು."

"ಅಕಿ ಮೈ ಯಾರು ತೊಳೀತಾರ?"

"ನಾನ."

"ಹೊಲಸು ಆಗ್ಯಾಳಂತ ಅಕಿನ್ನ ಅವ್ವ ಅನ್ನೂದು ಬಿಟ್ಟಿಯೇನು, ತಮ್ಮಾ?"

ತಿಪ್ಪಣ್ಣ ಮನೆಗೆ ಹೋಗಿ ಹುಟ್ಟು ಹೊತ್ತು ತಂದ. ಪೂಜ್ಯರು ರಸ್ತೆಯ ಅಂಚಿನಲ್ಲಿ ಕಾದಿದ್ದರು.

"ಹೊಳಿ ಬಾಗಿಲು ಎಲ್ಲೈತಿ ಅಂತ ಮುಚ್ಚಿದಾಂವಗ ಗೊತ್ತು," ಎಂದರು.

ಗೊತ್ತಿತ್ತು. ಹೂಳೆತ್ತಲೆಂದು ಎರಡು ಕಬ್ಬಿಣದ ಬಳೆ ಹಾಕಿಸಿ, ಡಾಂಬರು ಹಾಕದೆ ಉಳಿಸಿದ್ದ ಒಂದೇ ಚಪ್ಪಡಿ. ಅಂದಿನಿಂದ ಆ ಬಜಾರದಲ್ಲಿ ಸಾವಿರ ಸಲ ಓಡಾಡಿದರೂ ತಿಪ್ಪಣ್ಣ ಆ ಕಲ್ಲನ್ನು ಬಳಸಿಕೊಂಡು ಹೋಗಿದ್ದನೇ ಹೊರತು ಒಮ್ಮೆಯೂ ಅದರ ಮೇಲೆ ಕಾಲಿಟ್ಟಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ.

ಬಳೆಗಳಿಗೆ ಪೂಜ್ಯರ ಹಗ್ಗ ಪೋಣಿಸಿ ನಾಲ್ವರು ಹಮಾಲರು ಎಳೆದರು. ಆ ಹಗ್ಗ ಬಜಾರವನ್ನೇ ಎತ್ತಿಬಿಡುತ್ತಿತ್ತು; ಪೂಜ್ಯರು ಸಾಕೆಂದರು, ಉಳಿಯಿತು. ನಾತಕ್ಕೆ ಹಮಾಲರು ಮೂಗು ಮುಚ್ಚಿಕೊಂಡರು. ತಿಪ್ಪಣ್ಣ ಮುಚ್ಚಿಕೊಳ್ಳಲಿಲ್ಲ. ಕೆಳಗಿನ ಕತ್ತಲೆಯಲ್ಲಿ ನೀರು ಕಲ್ಲಿಗೆ ತಾಗಿ ತನ್ನಷ್ಟಕ್ಕೆ ಮಾತಾಡುತ್ತಿತ್ತು. ಅಪ್ಪನ ತೊಡೆಯ ಮೇಲೆ ಕುಳಿತು ದೋಣಿಯಲ್ಲಿ ಕೇಳಿದ ಅದೇ ಮಾತು. ಬೋರಲು ಮಲಗಿ, ಅಪ್ಪ ಆಳ ನೋಡುತ್ತಿದ್ದಂತೆ ಹುಟ್ಟನ್ನು ನೆಟ್ಟಗೆ ಇಳಿಸಿದ. ತಳದ ಮರಳು ತಾಗಿತು. ಮೇಲಕ್ಕೆತ್ತಿ ಒದ್ದೆಯಾದ ಗುರುತು ನೋಡಿದ. ಆಮೇಲೆ ಕೈ ಬಿಟ್ಟ. ಹುಟ್ಟು ಒಮ್ಮೆ ಸುತ್ತಿ, ದಿಕ್ಕು ತಿಳಿದುಕೊಂಡು, ಪೇಟೆಯ ಕೆಳಗೆ ಹೊರಟುಹೋಯಿತು.

ಪೂಜ್ಯರು ಕೈಮುಗಿದು, "ದಾಟಿದ," ಎಂದರು.

ಮನೆಗೆ ಬಂದಾಗ ದುರುಗವ್ವ ಬಾಗಿಲ ಹಿಂದಿನ ಬರಿದಾದ ಗೋಡೆಯನ್ನು ನೋಡುತ್ತ ಮಲಗಿದ್ದಳು.

"ನೀರು ಎಷ್ಟಿತ್ತೋ?"

"ಮೊಣಕಾಲುಮಟ, ಅವ್ವಾ."

"ಹಂಗಾದ್ರ ನಡಕೋತ ದಾಟಬಹುದು," ಎಂದು ಆಕೆ ಕಣ್ಣು ಮುಚ್ಚಿದಳು. ಒಂಬತ್ತನೆಯ ದಿನ ದಾಟಿದಳು.

ಅಂದಿನಿಂದ ಭಾಂಡೆ ಬಜಾರವನ್ನು ದಿನಾ ಬೆಳಿಗ್ಗೆ ಇಬ್ಬರು ದಾಟತೊಡಗಿದರು. ಮುಂದೆ ಪೂಜ್ಯರು, ಹಿಂದೆ ಪ್ಯಾಂಟನ್ನು ಮೊಣಕಾಲಿಗೆ ಮಡಿಚಿ, ಚಪ್ಪಲಿ ಕೈಯಲ್ಲಿ ಹಿಡಿದ ತಿಪ್ಪಣ್ಣ. ಭಾಂಡೆ ಅಂಗಡಿಯವನೊಬ್ಬ ಕೂಗಿ ಕೇಳಿದ, "ಓವರಸಿಯರ್ ಸಾಹೇಬ್ರ, ನೀರು ಐತೇನ್ರಿ?"

"ಐತಿ," ಎಂದ ತಿಪ್ಪಣ್ಣ, ಮುಂದಿನ ಹೆಜ್ಜೆಗೆ ಕಾಲಿನಿಂದ ತಡವುತ್ತ. "ಅಂಗಡಿಯಾಗಿನ ರೇಡಿಯೋ ಸ್ವಲ್ಪ ಸಣ್ಣ ಮಾಡು. ಕೇಳತೈತಿ."