ಬೊಮ್ಮಣ್ಣ ಹುಟ್ಟಿದ ದಿನ

ಹೊಳೆದಂಡೆಯ ಆ ಆಶ್ರಮದಲ್ಲಿ ಹೊಸದಾಗಿ ಬಂದವರು ಮೂರು ಮಳೆಗಾಲ ಬಾಯಿ ತೆರೆಯುವಂತಿರಲಿಲ್ಲ. ಊಟಕ್ಕೆ ತೆರೆಯಬಹುದಿತ್ತು, ಆಕಳಿಸಬಹುದಿತ್ತು. ಪ್ರಶ್ನೆಗೆ ಮಾತ್ರ ಇಲ್ಲ.

ದಿನಾ ಬೆಳಿಗ್ಗೆ ಅಂಬಲಿ ಕುಡಿದ ಮೇಲೆ ಎಲ್ಲರೂ ಹೊಂಗೆಮರದ ಕೆಳಗೆ ಸೇರುತ್ತಿದ್ದರು. ಆಶ್ರಮದ ಗುರು ಮರುಳಯ್ಯಜ್ಜ ಮಾತಾಡುತ್ತಿದ್ದರು. ಹಳೆಯ ಶಿಷ್ಯರು ಪ್ರಶ್ನೆ ಹಾಕುತ್ತಿದ್ದರು. ಹೊಸಬರು ತುಟಿ ಹೊಲಿದುಕೊಂಡು ಕೂತಿರುತ್ತಿದ್ದರು.

ನೀಲವ್ವ ಬಂದು ಎರಡನೆಯ ಮಳೆಗಾಲ ನಡೆದಿತ್ತು. ಇದಕ್ಕೆ ಮೊದಲು ಅವಳು ಎರಡು ಮಠಗಳಲ್ಲಿದ್ದು ಬಂದವಳು. ಎರಡೂ ಕಡೆ ಪ್ರಶ್ನೆ ಕೇಳಿದ್ದಕ್ಕೇ ಹೊರಗೆ ಹಾಕಿದ್ದರು. ಇಲ್ಲಾದರೂ ಬಾಯಿ ಮುಚ್ಚಿಕೊಂಡು ಬಾಳೋಣವೆಂದು ಒಂದು ವರ್ಷ ಹಲ್ಲು ಕಚ್ಚಿ ತಡೆದಿದ್ದಳು.

ಒಂದು ದಿನ ತಡೆಯಲಾಗಲಿಲ್ಲ.

“ಅಜ್ಜಾ, ಮೂರು ಮಳೆಗಾಲ ಬಾಯಿ ಮುಚ್ಚಿರಬೇಕು ಅಂತೀರಲ್ಲ, ಯಾಕೆ?”

ಯಾರೋ ಕೆಮ್ಮಿದರು. ಎಲ್ಲರಿಗಿಂತ ಹಿರಿಯ ಶಿಷ್ಯ ಬೊಮ್ಮಣ್ಣ ಎದ್ದು ನಿಂತೇಬಿಟ್ಟ. ಆಶ್ರಮಕ್ಕೆ ಬಂದು ಮೂವತ್ತು ವರ್ಷವಾದ ಮನುಷ್ಯ. ಹಂಚು ಹೊದಿಸುವುದರಿಂದ ಹಿಡಿದು ಹಗ್ಗ ಹೊಸೆಯುವವರೆಗೆ ಅಲ್ಲಿನ ಎಲ್ಲ ಕೆಲಸದಲ್ಲೂ ಅವನ ಕೈಯಿತ್ತು.

“ಯಾಕೆ ಅಂದ್ರೆ? ಹಿಂದಿನಿಂದ ನಡ್ಕೊಂಡು ಬಂದೈತೆ!”

ಅಜ್ಜ ಅವನ ಕಡೆ ತಿರುಗಿದರು.

“ಬೊಮ್ಮಣ್ಣ, ನಿನ್ನೆ ಈ ನಿಯಮದ ಬಗ್ಗೆ ಏನಾದ್ರೂ ಯೋಚನೆ ಮಾಡಿದ್ಯಾ?”

“ನಿನ್ನೆ ಇಲ್ಲ.”

“ಮೊನ್ನೆ?”

“ಯಾಕೆ ಮಾಡ್ಬೇಕಜ್ಜಾ? ಅದರ ಪಾಡಿಗೆ ಅದಿತ್ತು, ನನ್ನ ಪಾಡಿಗೆ ನಾನಿದ್ದೆ.”

“ಇವತ್ತು?”

“ಇವತ್ತು ಅದನ್ನ ಕಾಪಾಡ್ಬೇಕು!” ಬೊಮ್ಮಣ್ಣ ಎದೆ ಮುಟ್ಟಿಕೊಂಡ. “ಅದು ನಮ್ಮ ಸಂಪ್ರದಾಯ.”

ಅಜ್ಜ ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದರು. “ಒಂದು ತಟ್ಟೆ ಸಕ್ಕರೆ ತಗೊಂಬರ್ರಿ. ಎಲ್ಲರಿಗೂ ಹಂಚ್ರಿ.”

“ಯಾತಕ್ಕಜ್ಜಾ?” ಎಂದಳು ಅಡುಗೆಯ ಸಣ್ಣಕ್ಕ.

“ಬೊಮ್ಮಣ್ಣ ಹುಟ್ಟಿದ.”

“ನಾನು ಹುಟ್ಟಿ ಐವತ್ತೆರಡು ವರ್ಷ ಆಯ್ತಲ್ಲ!” ಎಂದ ಬೊಮ್ಮಣ್ಣ.

“ಅದು ನಿಮ್ಮವ್ವ ಹೆತ್ತ ಬೊಮ್ಮಣ್ಣ. ಸಂಪ್ರದಾಯ ಕಾಯೋ ಬೊಮ್ಮಣ್ಣ ಈಗ ಹುಟ್ಟಿದ.” ಅಜ್ಜ ಕೋಲಿನಿಂದ ನೀಲವ್ವನನ್ನು ತೋರಿಸಿದರು. “ಸೂಲಗಿತ್ತಿ ಅಲ್ಲಿ ಕೂತಾಳೆ ನೋಡು.”

ಎಲ್ಲರೂ ಸಕ್ಕರೆ ತಿಂದರು. ಬೊಮ್ಮಣ್ಣ ಸಿಟ್ಟಿನಲ್ಲೇ ತಿಂದ, ಆದರೆ ಒಂದು ಕಾಳೂ ಬಿಡದೆ ತಿಂದ.

“ಈಗ ಹೇಳು,” ಅಂದರು ಅಜ್ಜ. “ಆ ನಿಯಮ ಯಾಕೆ ಬೇಕು?”

ಬೊಮ್ಮಣ್ಣನಿಗೆ ಇಂಥ ಕೆಲಸ ಇದುವರೆಗೆ ಬಿದ್ದಿರಲಿಲ್ಲ. ತಲೆ ಕೆರೆದುಕೊಂಡ. ಕೂತ, ಎದ್ದ, ಮತ್ತೆ ಕೂತ.

“ಹೊಸಬರ ಪ್ರಶ್ನೆ ಹಸಿ ಇರ್ತೈತಜ್ಜಾ. ಮೂರು ಮಳೆ ಒಳಗಿಟ್ಕೊಂಡ್ರೆ ಅರ್ಧಕ್ಕರ್ಧ ತಾವೇ ಉದುರಿ ಹೋಗ್ತಾವೆ. ಉಳಿದದ್ದು ಕೇಳೋಕೆ ಲಾಯಕ್ಕಾಗಿರ್ತೈತೆ. ನನ್ನವಂತೂ ಎಲ್ಲಾ ಉದುರಿಹೋದ್ವು. ಮೂವತ್ತು ವರ್ಷದಾಗೆ ಒಂದೂ ಕೇಳಿಲ್ಲ.”

“ಒಳ್ಳೇ ಮಾತು ಬೊಮ್ಮಣ್ಣ. ಇದನ್ನ ನಾನು ಯೋಚನೆ ಮಾಡಿರಲಿಲ್ಲ,” ಅಂದಳು ನೀಲವ್ವ. ಆಮೇಲೆ ಕೇಳಿದಳು, “ಆದ್ರೆ ಎರಡನೇ ಮಳೆಗೇ ಸತ್ತುಹೋದವನ ಪ್ರಶ್ನೆ ಏನಾಗ್ತೈತೆ?”



“ಇದನ್ನ ನಾನು ಯೋಚನೆ ಮಾಡಿರಲಿಲ್ಲ,” ಅಂದ ಬೊಮ್ಮಣ್ಣ.

ಅಜ್ಜನಿಗೆ ಖುಷಿಯೋ ಖುಷಿ. “ನೋಡಿದ್ಯಾ? ಕಾರಣ ಕೇಳೋದು ಅವಳ ಕಸುಬು. ನೀನು ಕಾರಣ ಕೊಡೋಕೆ ನಿಂತೆ. ಅರ್ಧ ಅವಳ ಮನೆ ಜಗಲಿ ಮೇಲೆ ಕೂತಂಗಾಯ್ತು.”

ಅವತ್ತಿನಿಂದ ಅಜ್ಜ ಬಾಯಿಯ ಬೀಗ ತೆಗೆದರು. ಅವತ್ತೇ ಬಂದವರೂ ಪ್ರಶ್ನೆ ಕೇಳಬಹುದು ಎಂದಾಯಿತು.

ನೀಲವ್ವ ಸೊಂಟದಿಂದ ಒಂದು ಚೀಟಿ ತೆಗೆದಳು. “ಕಿತ್ತು ಹಾಕಬೇಕಾದ ನಿಯಮ ಇನ್ನೂ ಒಂಬತ್ತವೆ ಅಜ್ಜಾ.”

“ಒಂದು ಹಂಚು ಒಡೆದಿದ್ರೆ ಒಂದು ಹಂಚು ಬದಲಾಯಿಸ್ತಾರೆ ತಂಗಿ,” ಅಂದ ಬೊಮ್ಮಣ್ಣ. “ಮಳೆಗಾಲದಾಗೆ ಇಡೀ ಸೂರು ಕಿತ್ತು ಯಾರೂ ಚುಕ್ಕಿ ಎಣಿಸಲ್ಲ.”

“ಸದ್ಯ ಒಂದು ಸಾಕು,” ಅಂದರು ಅಜ್ಜ.

“ಅದಕ್ಕೂ ನನ್ನದೊಂದು ಮಾತು ಸೇರಿಸ್ರಿ,” ಅಂದ ಬೊಮ್ಮಣ್ಣ. “ಕೇಳೋರು ಕೇಳಲಿ. ಆದ್ರೆ ಯಾರೇ ಮಾತಾಡಲಿ, ಮುಗಿಸೋತನಕ ಉಳಿದೋರು ಸುಮ್ಮನಿರಬೇಕು.”

ನೀಲವ್ವ ಮುಖ ಸಿಂಡರಿಸಿಕೊಂಡೇ ಒಪ್ಪಿದಳು. ಚೀಟಿ ಮತ್ತೆ ಸೊಂಟ ಸೇರಿತು.

ಹೊಂಗೆಮರದ ಕೆಳಗೆ ಪ್ರಶ್ನೆಗಳ ಸುಗ್ಗಿಯಾಯಿತು. ದೇವರಿಗೆ ನಿದ್ದೆ ಬರ್ತೈತಾ ಎಂದು ಒಬ್ಬ ಕೇಳಿದ. ಅಂಬಲಿಗೆ ಉಪ್ಪು ಯಾಕೆ ಕಮ್ಮಿ ಎಂದು ಇನ್ನೊಬ್ಬ ಕೇಳಿದ. ಅಜ್ಜನ ಹತ್ತಿರ ಮೊದಲನೆಯದಕ್ಕೆ ಉತ್ತರವಿತ್ತು. ಎರಡನೆಯದಕ್ಕೆ ಸಣ್ಣಕ್ಕನನ್ನು ಕರೆಸಬೇಕಾಯಿತು.

ಹೀಗೆ ವರ್ಷ ದಾಟಿತು. ಆಗ ಕೊಟ್ರೇಶ ಬಂದ.

ಕೊಟ್ರೇಶ ಗಟ್ಟಿ ಆಳು. ಬಂದ ತಿಂಗಳಲ್ಲೇ ಕಾಲುವೆಯ ಒಡ್ಡು ಕಟ್ಟಿದ, ಕೊಟ್ಟಿಗೆಯ ಗೋಡೆ ಎತ್ತಿದ. ಎಲ್ಲರಿಗೂ ಅವನೆಂದರೆ ಪ್ರೀತಿ. ನೀಲವ್ವನಿಗೂ.

ಒಂದು ಬೆಳಿಗ್ಗೆ ಅವನು ಎದ್ದು ನಿಂತ.

“ಬರೀ ಪ್ರಶ್ನೆ, ಪ್ರಶ್ನೆ! ಹೊತ್ತು ನೆತ್ತಿಗೆ ಬರೋತನಕ ಮಾತು. ಹೊಲದಾಗಿನ ಕಳೆ ಕೀಳೋರು ಯಾರು? ಯೋಚನೆ ಮಾಡೋಕೆ ಒಬ್ಬ ಸಾಕು. ಉಳಿದೋರು ಕೆಲಸ ಮಾಡೋಣ. ಇನ್ಮೇಲೆ ಪ್ರಶ್ನೆ ಬಂದ್. ಆ ಒಬ್ಬ ಬೇಕಾದ್ರೆ ನಾನಾಗ್ತೀನಿ.”

ಬಹಳ ಜನ ತಲೆಯಾಡಿಸಿದರು. ಕಳೆ ಬೆಳೆದದ್ದಂತೂ ನಿಜ. ಮಾತು ಕೇಳಿ ಕೇಳಿ ಸೊಂಟ ಹಿಡಿದದ್ದೂ ನಿಜ.

“ನಾಳೆ ಎಲ್ಲರೂ ಕೂಡಿ ತೀರ್ಮಾನ ಮಾಡ್ರಿ,” ಅಂದರು ಅಜ್ಜ. “ನೀವು ಹೇಳಿದಂಗೆ ನಾನು ನಡ್ಕೊಳ್ತೀನಿ.”

ಇಲ್ಲೂ ಬಾಯಿಗೆ ಬೀಗ ಬಿದ್ದರೆ ನೀಲವ್ವನಿಗೆ ಹೋಗಲು ಇನ್ನೊಂದು ಜಾಗವಿರಲಿಲ್ಲ.

ಅಜ್ಜ ಹೊಳೆಯಲ್ಲಿ ಪಂಚೆ ಒಗೆಯುತ್ತಿದ್ದರು. ಅವಳು ಅಲ್ಲಿಗೇ ಓಡಿದಳು.

“ಅಜ್ಜಾ, ಕೊಟ್ರೇಶನ್ನ ತಡೀರಿ.”

“ಯಾಕವ್ವ? ಅವನು ಒಂದು ಮಾತು ಎತ್ತಿದ. ಯಾರು ಬೇಕಾದ್ರೂ ಎತ್ತಬಹುದು ಅಂತ ಮಾಡಿಸಿದೋಳು ನೀನೇ.”

“ಇನ್ಮೇಲೆ ಯಾರೂ ಮಾತೆತ್ತಬಾರದು ಅನ್ನೋ ಮಾತು ಎತ್ತಿದಾನೆ!”

“ನೀನು ಅವನಿಗೆ ಏನಂದೆ?”

ನೀಲವ್ವ ಕಾಲಿನ ಹೆಬ್ಬೆರಳಿನಿಂದ ಮರಳು ಕೆದಕಿದಳು.

“ಹೇಳವ್ವ.”

“ಇಲ್ಲಿ ಹಿಂದಿನಿಂದ ಹಿಂಗೇ ನಡ್ಕೊಂಡು ಬಂದೈತೆ ಅಂದೆ.”

ಅಜ್ಜ ಪಂಚೆ ಹಿಂಡುವುದನ್ನು ಬಿಟ್ಟು ನಗತೊಡಗಿದರು. ಪಂಚೆ ಹೊಳೆಯ ಪಾಲಾಗುತ್ತಿತ್ತು, ನೀಲವ್ವ ನೀರಿಗಿಳಿದು ಹಿಡಿದುಕೊಂಡಳು.

“ಎಷ್ಟು ಹಿಂದಿನಿಂದ?”

“ಒಂದು ವರ್ಷ ಎರಡು ತಿಂಗಳಿಂದ.”

“ಅಬ್ಬಬ್ಬಾ! ಮುತ್ತಜ್ಜನ ಕಾಲದ್ದು!”

“ನಗಬ್ಯಾಡ್ರಿ ಅಜ್ಜಾ. ನನಗೆ ಹೆದರಿಕೆ ಆಗೈತೆ.” ಅವಳ ಕಣ್ಣು ತುಂಬಿತ್ತು. “ಕಳ್ಕೊಳ್ಳೋಕೆ ಏನೂ ಇಲ್ಲದಾಗ ಎಲ್ಲಾನೂ ಕಿತ್ತು ಹಾಕೋ ಧೈರ್ಯ ಇತ್ತು. ಈಗ ಒಂದು ನನ್ನದು ಅಂತ ಐತೆ. ನಾನೂ ಬೊಮ್ಮಣ್ಣ ಆಗಿಬಿಟ್ಟೆನಾ?”

“ಅದನ್ನ ಬೊಮ್ಮಣ್ಣನ್ನೇ ಕೇಳು,” ಎಂದು ಅಜ್ಜ ಒದ್ದೆ ಪಂಚೆ ಇಸಿದುಕೊಂಡರು.

ಅವಳಿಗೆ ಹೋಗಲು ಮನಸ್ಸಿರಲಿಲ್ಲ. ಬಾಯಿಗಳಿಗೆ ಮತ್ತೆ ಬೀಗ ಬೀಳುತ್ತದೆಂದರೆ ಎಲ್ಲರಿಗಿಂತ ಹೆಚ್ಚು ಹಿಗ್ಗುವವನು ಅವನೇ ಅಲ್ಲವೇ? ಆದರೂ ಹೋದಳು. ಬೊಮ್ಮಣ್ಣ ಕೊಟ್ಟಿಗೆಯ ಮಾಡು ಹತ್ತಿ ಹಂಚು ಸರಿಮಾಡುತ್ತಿದ್ದ.

“ಬೊಮ್ಮಣ್ಣ, ನಾಳೆ ನಿನಗೆ ಹಬ್ಬ ಅಲ್ವಾ?”

“ಯಾವ ಹಬ್ಬ?”

“ನನ್ನ ನಿಯಮ ಹೋಗ್ತೈತೆ. ಅದು ಬ್ಯಾಡ ಅಂತ ಮೊದಲು ಎದ್ದೋನು ನೀನು.”

“ಬ್ಯಾಡ ಅಂದಿದ್ದೆ. ಈಗಲೂ ಕೇಳಿದ್ರೆ ಹಳೇದೇ ಚೆನ್ನಾಗಿತ್ತು ಅಂತೀನಿ.” ಬೊಮ್ಮಣ್ಣ ಮಾಡಿನ ಅಂಚಿಗೆ ಬಂದು ಕೂತ. “ಆದ್ರೆ ನೋಡು ತಂಗಿ, ಸೊಸೆ ತರೋವಾಗ ಈ ಹುಡುಗಿ ಬ್ಯಾಡ ಅನ್ನಬಹುದು. ಅವಳು ಬಂದು, ಒಲೆ ಹಚ್ಚಿ, ಒಂದು ವರ್ಷ ನಮಗೆ ಬಡಿಸಿದ ಮೇಲೆ ಹೊರಗೆ ಹಾಕೋರು ಮನುಷ್ಯರಲ್ಲ. ನಿನ್ನ ನಿಯಮ ಈಗ ಈ ಮನೆ ಸೊಸೆ.”

ನೀಲವ್ವ ಏಣಿಯ ಬುಡಕ್ಕೆ ಬಂದು ನಿಂತಳು.

“ಇನ್ನೊಂದು ಮಾತು,” ಅಂದ ಬೊಮ್ಮಣ್ಣ. “ಹಳೇ ನಿಯಮ ಮೂರು ವರ್ಷ ಬೀಗ ಹಾಕ್ತಿತ್ತು, ಆಮೇಲೆ ಸಾಯೋತನಕ ತೆಗೀತಿತ್ತು. ಕೊಟ್ರೇಶನ ಬೀಗಕ್ಕೆ ಬೀಗದಕೈಯೇ ಇಲ್ಲ. ಅದನ್ನ ಯಾರಾದ್ರೂ ಹಳೇ ಪದ್ಧತಿ ಅಂದ್ರೆ ನನಗೆ ಸಿಟ್ಟು ಬರ್ತೈತೆ. ಅಂಥಾ ಹೊಸಾದ್ದು ನಾನು ಹುಟ್ಟಿದಾಗಿನಿಂದ ನೋಡಿಲ್ಲ.”

“ಹಂಗಾದ್ರೆ ನಾಳೆ ಎದ್ದು ಮಾತಾಡ್ತೀಯಾ ಬೊಮ್ಮಣ್ಣ?”

“ನೋಡೋಣ. ಆ ಹಂಚು ಈ ಕಡೆ ಕೊಡು.”

ಮರುದಿನ ಕೊಟ್ರೇಶ ಮಾತು ಶುರು ಮಾಡಿದ. ಅರ್ಧಕ್ಕೆ ಬರುವಷ್ಟರಲ್ಲಿ ನೀಲವ್ವನ ಕಡೆಯ ಇಬ್ಬರು ಮೂವರು “ಸಾಕು, ಕೂತ್ಕೋ” ಎಂದು ಕೂಗಿದರು.

ನೀಲವ್ವನೇ ಎದ್ದಳು. “ಮುಗಿಸೋತನಕ ಸುಮ್ಮನಿರ್ರಿ. ಅದು ಬೊಮ್ಮಣ್ಣ ಸೇರಿಸಿದ ಮಾತು.”

ಸುಮ್ಮನಾದರು. ಕೊಟ್ರೇಶ ಚೆನ್ನಾಗಿಯೇ ಮಾತಾಡಿದ. ಅವನು ಕಳೆಯ ಬಗ್ಗೆ, ಹೊತ್ತಿನ ಬಗ್ಗೆ ಹೇಳುತ್ತ ಹೋದಂತೆ ತಲೆಯಾಡಿಸುವವರು ಹೆಚ್ಚಾದರು. ಕೆಲಸ ಕೆಟ್ಟಿತು ಅಂದುಕೊಂಡಳು ನೀಲವ್ವ.

ಅವನು ಮುಗಿಸಿದ ಮೇಲೆ ಬೊಮ್ಮಣ್ಣ ಎದ್ದ.

“ತಮ್ಮಾ, ನೀನು ಕಟ್ಟಿದ ಒಡ್ಡು ಭಾಳ ಚೆನ್ನಾಗೈತೆ. ಕಳೆ ಮಾತೂ ನಿಜ. ನನ್ನದೊಂದು ಪ್ರಶ್ನೆ.”

ಬೊಮ್ಮಣ್ಣ ಪ್ರಶ್ನೆ ಕೇಳುತ್ತಾನೆ! ತೂಕಡಿಸುತ್ತಿದ್ದವರೂ ನೆಟ್ಟಗೆ ಕೂತರು.

“ನೀನು ತಪ್ಪು ಮಾಡಿದ ದಿನ ನಿನಗೆ ಹೇಳೋರು ಯಾರು?”

“ನಾನ್ಯಾಕೆ ತಪ್ಪು ಮಾಡ್ಲಿ?” ಅಂದ ಕೊಟ್ರೇಶ.

ಸಣ್ಣಕ್ಕ ಮೊದಲು ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕರು. ಹೋದ ತಿಂಗಳು ಇದೇ ಕೊಟ್ರೇಶ ಒಡ್ಡಿನ ತೂಬನ್ನು ದಿಬ್ಬದ ಕಡೆಗೆ ಇಟ್ಟಿದ್ದ. ಅವತ್ತೇ ಬಂದಿದ್ದ ಒಬ್ಬ ಶಿಷ್ಯ “ನೀರು ಮೇಲಕ್ಕೆ ಹತ್ತುತ್ತಾ?” ಎಂದು ಕೇಳಿದ್ದಕ್ಕೆ ಒಡ್ಡು ಉಳಿದಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಕೊಟ್ರೇಶನಿಗೂ ನೆನಪಾಯಿತು. ಕಿವಿ ಕೆಂಪಾಯಿತು. ಒಳ್ಳೆಯ ಮನುಷ್ಯ, ಕೊನೆಗೆ ಅವನೂ ನಕ್ಕುಬಿಟ್ಟ.

“ಸರಿ. ಕಳೆ ಏನು ಮಾಡೋದು?” ಅಂದ ಮೆತ್ತಗೆ.

“ಹೊತ್ತು ಮಾರುದ್ದ ಏರೋತನಕ ಪ್ರಶ್ನೆ, ಆಮೇಲೆ ಹೊಲ,” ಅಂದಳು ನೀಲವ್ವ.

“ಇದು ಪರವಾಗಿಲ್ಲ,” ಅಂದ ಬೊಮ್ಮಣ್ಣ.

ಹಾಗೇ ಆಯಿತು. ನೀಲವ್ವ ಆಶ್ರಮದಲ್ಲೇ ಉಳಿದಳು. ಅವತ್ತು ಅವಳು ಹೊಲದಲ್ಲಿ ಇಬ್ಬರ ಕೆಲಸ ಮಾಡಿದಳು, ಸಂತೋಷಕ್ಕೆ.

ವಾರ ಕಳೆಯಲಿಲ್ಲ, ಚೀಟಿ ಮತ್ತೆ ಸೊಂಟದಿಂದ ಹೊರಬಂತು.

“ಎರಡನೇದು. ಅಂಬಲಿ ಹಿರಿಯರಿಗೇ ಮೊದಲು ಯಾಕೆ ಬಡಿಸ್ಬೇಕು? ಹಸಿದೋರಿಗೆ ಮೊದಲು ಬಡಿಸೋಣ.”

“ಯಾರು ಎಷ್ಟು ಹಸಿದಾರೆ ಅಂತ ಹೊಟ್ಟೆಗೆ ಕಿವಿ ಇಟ್ಟು ಕೇಳ್ತೀಯಾ?” ಅಂದ ಬೊಮ್ಮಣ್ಣ.

ಶುರುವಾಯಿತು. ಇಬ್ಬರೂ ಹೊಲದಲ್ಲಿ ಜಗಳವಾಡಿದರು, ಹೊಳೆಯಲ್ಲಿ ಜಗಳವಾಡಿದರು, ಅಂಬಲಿ ಆರಿಹೋಗುವವರೆಗೆ ಜಗಳವಾಡಿದರು. ಮೂರನೆಯ ದಿನ ಇಬ್ಬರ ಗಂಟಲೂ ಕಟ್ಟಿತ್ತು. ಜೊತೆಯಾಗಿಯೇ ಅಜ್ಜನ ಮುಂದೆ ಬಂದು ನಿಂತರು.

“ಸಾಕಾಗಿಹೋಯ್ತಜ್ಜಾ,” ಅಂದ ಬೊಮ್ಮಣ್ಣ.

“ಬದಲಾಯಿಸೋಳು ಸರಿಯೋ, ಉಳಿಸೋನು ಸರಿಯೋ,” ಅಂದಳು ನೀಲವ್ವ, “ನೀವೊಬ್ಬರೇ ಕೂತು ಒಂದೇ ಸಲಕ್ಕೆ ತೀರ್ಮಾನ ಮಾಡಿಬಿಡ್ರಿ. ನಾವು ಬಾಯಿ ಮುಚ್ಕೊಂಡು ಒಪ್ಕೊಳ್ತೀವಿ.”

“ಇಬ್ಬರೂ?”

“ಇಬ್ಬರೂ.”

ಅಜ್ಜ ಕೋಲೆತ್ತಿ ಹೊಲದ ಕಡೆ ತೋರಿಸಿದರು.

“ಅದಕ್ಕೆ ನಾನ್ಯಾಕೆ? ಅಗೋ, ಆ ಒಬ್ಬ ನಾನಾಗ್ತೀನಿ ಅಂದಿದ್ದ ಕೊಟ್ರೇಶ ಅಲ್ಲೇ ಕಳೆ ಕೀಳ್ತಾ ಅದಾನೆ. ಕರೀರಿ.”