ಬೋಂಡದ ಸದ್ದು

ನಮ್ಮೂರಿನ ನಿವೃತ್ತ ಅಮಲ್ದಾರ್ ವಿರೂಪಾಕ್ಷಯ್ಯನವರಿಗೆ ಸಂಜೆಯಾದರೆ ಉದ್ದಿನ ಬೋಂಡ ಬೇಕು. ಇನ್ನು ಕರಿದದ್ದು ತಿಂದರೆ ಎದೆ ನಿಂತೀತು ಎಂದು ಡಾಕ್ಟರು ಹೆದರಿಸಿದರೂ ಅವರು ಜಗ್ಗಲಿಲ್ಲ. ಅಡುಗೆಯ ನೀಲವ್ವನನ್ನು ಕರೆದು ಹುಕುಂ ಕೊಟ್ಟರು.

“ದಿನಾ ಬಾಣಲೆ ಚುಯ್ ಅನ್ನೋದು ನನ್ನ ಕಿವಿಗೆ ಬೀಳಬೇಕು. ಬೀಳದ ದಿನ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ.”

“ಬೀಳುತ್ತೆ ಬಿಡ್ರಿ,” ಅಂದಳು ನೀಲವ್ವ.

ಅಂದಿನಿಂದ ಅವಳು ಪಡ್ಡಿನ ಕಾವಲಿಯ ಗುಳಿಗಳಿಗೆ ಒಂದೊಂದು ತೊಟ್ಟು ಎಣ್ಣೆ ಸವರಿ, ಮೆಣಸು, ಶುಂಠಿ, ತುರಿದ ಸೋರೆಕಾಯಿ ಕಲಸಿದ ಉದ್ದಿನ ಹಿಟ್ಟು ಹಾಕಿ ಬೇಯಿಸಿದಳು. ಗುಂಡಗೆ, ಕೆಂಪಗೆ, ಗರಿಗರಿಯಾಗಿ ಬಂತು. ಪಕ್ಕದ ಒಲೆಯ ಮೇಲೆ ಬರೀ ಬಾಣಲೆ ಕಾಯಿಸಿ ನೀರು ಚಿಮುಕಿಸಿದಳು. ಚುಯ್ ಅಂತು. ನಡುಮನೆಯಲ್ಲಿ ಕೂತಿದ್ದ ಅಮಲ್ದಾರರ ಬಾಯಲ್ಲಿ ನೀರೂರಿತು.

ಮೂರು ತಿಂಗಳ ಮೇಲೆ ಮನೆಗೆ ಬಂದ ಡಾಕ್ಟರು, ರಕ್ತದಲ್ಲಿ ಕೊಬ್ಬು ಇಳಿದಿದೆ ಎಂದರು. ಅಮಲ್ದಾರರು ಮೀಸೆ ತಿರುವಿದರು.

“ದಿನಾ ಹತ್ತು ಬೋಂಡ ತಿಂದಿದ್ದೀನಿ. ನಿಮ್ಮ ಓದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.”

ಡಾಕ್ಟರು ನೀಲವ್ವನ ಮುಖ ನೋಡಿದರು. ಅವಳು ಒಳಗಿನಿಂದ ಒಣ ಬಾಣಲೆ ತಂದು ತೋರಿಸಿ, ನಡೆದದ್ದನ್ನು ಹೇಳಿದಳು.

“ನನಗೇ ಮೋಸ ಮಾಡಿದ್ಯಾ?” ಅಮಲ್ದಾರರು ಗುಡುಗಿದರು.

“ನೀವು ಕೇಳಿದ್ದು ಸದ್ದು. ಒಂದು ದಿನಾನೂ ತಪ್ಪಿಸಿಲ್ಲ.”

ಮರುದಿನ ಸಂಜೆ ಬೋಂಡ ಬಂತು, ಸದ್ದು ಬರಲಿಲ್ಲ.

“ಗುಟ್ಟು ಗೊತ್ತಾಯ್ತಲ್ಲ, ಇನ್ಯಾಕೆ?” ಅಂದಳು ನೀಲವ್ವ.

ಅಮಲ್ದಾರರು ತಟ್ಟೆ ಮುಟ್ಟದೆ ಎದ್ದು ಅಡುಗೆಮನೆಗೆ ಹೋದರು. ತಾವೇ ಬಾಣಲೆ ಕಾಯಿಸಿ, ನೀರು ಚಿಮುಕಿಸಿ, ಬಿರಬಿರನೆ ಬಂದು ಕುರ್ಚಿಯಲ್ಲಿ ಕೂತರು.

“ಹಾಂ, ಈಗ ಬಡಿಸು,” ಅಂದರು.